ಪುನುಗಮ್ಮ ದಾರಿಯಲ್ಲಿ ಕಂಪು ಬಿಟ್ಟದ್ದು

ಭೂಮಿ ಇನ್ನೂ ಹೊಸದು, ನದಿಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರದ ಕಾಲ. ಆಗಲೂ ಪ್ರಾಣಿಗಳ ಮೈಯೊಳಗೆಲ್ಲ ಪುಟ್ಟ ಪುಟ್ಟ ಕೋಣೆಗಳು. ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಆನೆಗಾಗಲಿ ಅಳಿಲಿಗಾಗಲಿ, ಎಲ್ಲ ಚಿಲಕವೂ ಒಂದೇ ಥರ.

ಬಾವಲಿಯ ಕೋಣೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವನೊಬ್ಬ ಇದ್ದ. ತಲೆ ತುಂಬ ಮುಳ್ಳಿನ ಕಿರೀಟ. ಮುಳ್ಳನ್ನು ಚಿಲಕಕ್ಕೆ ಸಿಕ್ಕಿಸಿದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಬಾವಲಿಗೆ ಅವನು ಒಗ್ಗಿಹೋಗಿದ್ದ, ಅವನಿಂದ ಅದಕ್ಕೆ ಕಾಯಿಲೆಯೇ ಇರಲಿಲ್ಲ.

ಒಂದು ದಿನ ಬಾವಲಿ ಅರ್ಧ ತಿಂದು ಬೀಳಿಸಿದ ಹಣ್ಣನ್ನು ಪುನುಗು ಬೆಕ್ಕಿನ ಮರಿ ನೆಕ್ಕಿತು. ಎಂಜಲಿನ ಜೊತೆ ಕಿರೀಟದವನೂ ಮರಿಯ ಮೈಯೊಳಗೆ ಹೊಕ್ಕ. ಸಂಜೆಗೆ ಕೆಮ್ಮು, ಮರುದಿನ ಮೈ ಕೆಂಡ. ತಾಯಿ ಪುನುಗಮ್ಮ ಗೂಡಿನ ಒಳಗೂ ಹೊರಗೂ ಓಡಾಡಿದಳು.

“ಮರಕುಟಿಗನ ಹತ್ತಿರ ಓಡು. ಚಿಲಕ ಕೆತ್ತಿದವನು ಅವನೇ,” ಎಂದಿತು ಗಾಳಿ.

ಓಡಿದಳು. “ಅಣ್ಣಾ, ಮರಿಗೆ ಉಸಿರೇ ಎಳೆಯೋಕಾಗ್ತಿಲ್ಲ. ನನಗಿರೋದು ಅದೊಂದೇ.”

ಮರಕುಟಿಗ ಬಂದು, ಮರಿಯ ಕೋಣೆಗಳನ್ನು ಇಣುಕಿ ನೋಡಿದ. “ತಪ್ಪು ನಂದೇ ತಂಗಿ. ಸೋಮಾರಿತನಕ್ಕೆ ಎಲ್ಲರಿಗೂ ಒಂದೇ ಅಚ್ಚಿಟ್ಟು ಕೆತ್ತಿಬಿಟ್ಟೆ.”

ಟಕ್ ಟಕ್ ಟಕ್. ಹೊಸ ಅಚ್ಚೊಂದು ಮಾಡಿ ಮರಿಯ ಚಿಲಕಗಳನ್ನು ಬೇರೆ ಆಕಾರಕ್ಕೆ ತಿದ್ದಿದ. ಕಿರೀಟದವನು ಆ ಬಾಗಿಲು ಈ ಬಾಗಿಲು ತಡಕಾಡಿ, ಒಂದೂ ತೆರೆಯದೆ ಹೊರಬಿದ್ದ. ಮರಿ ಕಣ್ಣು ಬಿಟ್ಟು ಮೊಲೆಗೆ ಬಾಯಿ ಹಾಕಿತು. ಪುನುಗಮ್ಮ ಸಂತೋಷಕ್ಕೆ ಅತ್ತೇಬಿಟ್ಟಳು.

ಟಕ್ ಟಕ್ ಟಕ್. ಮರಕುಟಿಗ ಮೂರು ದಿನ ಊಟ ಬಿಟ್ಟು ಹಸುವಿಗೊಂದು ಥರ, ಕೋಳಿಗೊಂದು ಥರ, ಹಾವಿಗೊಂದು ಥರ ಕೆತ್ತಿದ. ಕೊನೆಗೆ ಮನುಷ್ಯ ಉಳಿದ. ಅಷ್ಟರಲ್ಲಿ ಕೊಕ್ಕು ಮೊಂಡಾಗಿತ್ತು. ಒಮ್ಮೆ ಮಾಡಿದ ಅಚ್ಚನ್ನು ಎಸೆಯುವ ಅಭ್ಯಾಸ ಅವನಿಗಿಲ್ಲ. ಪಕ್ಕದಲ್ಲಿದ್ದ ಪುನುಗು ಮರಿಯ ಅಚ್ಚನ್ನೇ ತುಸು ಕೆರೆದು ಮನುಷ್ಯನಿಗೂ ಇಟ್ಟುಬಿಟ್ಟ.

ಮರುದಿನ ತಲೆ ತಗ್ಗಿಸಿಕೊಂಡು ಪುನುಗಮ್ಮನ ಹತ್ತಿರ ಬಂದು ಎಲ್ಲವನ್ನೂ ಹೇಳಿದ. “ಆ ಕಿರೀಟದವನು ಹಟಮಾರಿ. ಮುಳ್ಳು ಉಜ್ಜಿ ಉಜ್ಜಿ ನಿಮ್ಮ ಚಿಲಕಕ್ಕೆ ಹೊಂದಿಸಿಕೊಂಡ ಅಂದ್ರೆ ಮನುಷ್ಯರ ಮಕ್ಕಳ ಬಾಗಿಲೂ ತೆರೆದ ಹಾಗೇ. ಮತ್ತೆ ಕೆತ್ತೋಣ ಅಂದ್ರೆ ಚಿಲಕಗಳೆಲ್ಲ ಒಣಗಿ ಗಟ್ಟಿಯಾಗಿವೆ.”

ಪುನುಗಮ್ಮ ಮಲಗಿದ್ದ ಮರಿಯನ್ನು ನೋಡಿದಳು. ಅದರ ಹೊಟ್ಟೆ ಹಾಯಾಗಿ ಏರಿಳಿಯುತ್ತಿತ್ತು.

“ನನ್ನ ಮರಿ ಬದುಕಿರೋದು ನಿನ್ನಿಂದ ಅಣ್ಣ. ಈ ಉಪಕಾರ ನಾನು ಮರೆಯೋದುಂಟಾ? ಉಳಿದದ್ದು ನನಗೆ ಬಿಡು. ಅವರ ಮಕ್ಕಳೂ ಮಕ್ಕಳೇ. ಇನ್ನು ನಾನು ಹೋದಲ್ಲೆಲ್ಲ ಕಂಪು ಬಿಟ್ಟು ಹೋಗ್ತೀನಿ. ಮೂಗಿಗೆ ಬಡಿದ್ರೆ ಮನುಷ್ಯರು ದೂರ ನಿಲ್ತಾರೆ, ಕಿರೀಟದವನು ನಮ್ಮಿಂದ ಅವರಿಗೆ ದಾಟೋಕಾಗಲ್ಲ.”

ಅದಕ್ಕೇ ಮಕ್ಕಳೇ, ಮುಂಜಾನೆ ಮನೆಯಲ್ಲಿ ಒಲೆ ಹಚ್ಚುವ ಮೊದಲೇ ಬೇಲಿಯ ಕಡೆಯಿಂದ ಅನ್ನ ಬೆಂದಂಥ ಘಮ ಬಂದರೆ, ಪುನುಗಮ್ಮ ಆಗಷ್ಟೇ ಹಾದುಹೋಗಿರುತ್ತಾಳೆ. ಹತ್ತಿರ ಹೋಗದೆ, ನಿಂತಲ್ಲಿಂದಲೇ ಅವಳಿಗೆ ಕೈಮುಗಿಯಿರಿ.