ಹೆಳವ ಹೇಳಿದ ಹೆಸರು

ಶಿಷ್ಯ ಕೇಳಿದ: "ಗುರುಗಳೇ, ನನ್ನಿಂದಾಗಿ ನನ್ನ ತಾಯಿ ಸತ್ತಳು. ನಾನು ಮನೆ ಬಿಟ್ಟು ಬಂದ ಕೊರಗಿನಲ್ಲೇ ಪ್ರಾಣ ಬಿಟ್ಟಳು. ಜಪಕ್ಕೆ ಕೂತರೂ ಅವಳ ಮುಖ, ಊಟಕ್ಕೆ ಕೂತರೂ ಅವಳ ಮುಖ. ಇದನ್ನು ಮರೆಯುವ ದಾರಿ ಯಾವುದು?"

ಗುರುಗಳು ಮಠದ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದರು. "ಮರೆಯುವ ದಾರಿ ಗೊತ್ತಿದ್ದರೆ ನಿಮ್ಮಂಥವರ ಪ್ರಶ್ನೆಗಳನ್ನೇ ಮೊದಲು ಮರೆಯುತ್ತಿದ್ದೆ" ಎಂದು ನಕ್ಕರು. "ಒಂದು ಕತೆ ಮಾತ್ರ ಗೊತ್ತು. ಕೇಳು. ಸುಮ್ಮನೆ ಕೂರಬೇಡ, ಕಾಯಿ ಸುಲಿ." ಆಮೇಲೆ ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಹೊಲ, ಮನೆ, ಎತ್ತು ಎಲ್ಲ ಇತ್ತು. ಯಾರ ಗೋಜಿಗೂ ಹೋದವನಲ್ಲ. ಆದರೂ ಊರವರು ಅವನನ್ನು ಕಲ್ಲೆದೆಯವನು ಎನ್ನುತ್ತಿದ್ದರು. ಅವನ ಮಗ ಹೆಜ್ಜೆ ಇಡಲು ಕಲಿಯುವಾಗ ಅವನು ಬೆರಳು ಕೊಡಲಿಲ್ಲ. ಮಗು ತೋಳು ಚಾಚಿಕೊಂಡು ಬಂದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಮಗು ಬೀಳುತ್ತಿತ್ತು. ಹೆಂಡತಿ ಓಡಿ ಬಂದು ಎತ್ತಿಕೊಳ್ಳುತ್ತಿದ್ದಳು. ಅವಳು ಬೈದಳು, ಅತ್ತಳು, ಕೊನೆಗೆ ಹೇಳುವುದನ್ನೇ ಬಿಟ್ಟಳು.

ಅವನಿಗೆ ಅವನದೇ ಕಾರಣವಿತ್ತು. ಚಿಕ್ಕವನಿದ್ದಾಗ ಅವನು ತನ್ನ ತಮ್ಮನನ್ನು ಬಾವಿಗೆ ಬೀಳಿಸಿದ್ದ. ಬಾವಿಯ ಮೆಟ್ಟಿಲು, ಕಾಲ ಕೆಳಗಿನ ಪಾಚಿ, ಹಿಡಿದಿದ್ದ ಕೈ ಜಾರಿದ್ದು, ನೀರಿನ ಸದ್ದು, ಇಷ್ಟು ನೆನಪಿತ್ತು. ಜಾರಿದ ಕೈಯ ಒರಟು ಇನ್ನೂ ಅಂಗೈಯಲ್ಲಿತ್ತು. ಆಮೇಲೆ ಒಂದು ದಿನ ಕಣ್ಣು ಬಿಟ್ಟು ನೋಡಿದರೆ ಮನೆಯಲ್ಲಿ ತಮ್ಮನಿರಲಿಲ್ಲ. ತಾಯಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಸತ್ತ ಕೂಸಿನ ಹೆಸರೆತ್ತಿದರೆ ಹೆತ್ತವಳ ಹೊಟ್ಟೆ ಮತ್ತೆ ಉರಿಯುತ್ತದೆಂದು ಹಿರಿಯರು ಆ ಹೆಸರನ್ನೇ ಮನೆಯಿಂದ ಹೊರಗಿಟ್ಟರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದ. ಇಂಥ ಕೈಯಿಂದ ಇನ್ನೊಂದು ಮಗುವನ್ನು ಹಿಡಿಯಬಾರದೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಆ ಸೀಮೆಗೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಮನೆ ಮನೆಯ ಮುಂದೆ ನಿಂತು ಆ ಮನೆಯ ವಂಶಾವಳಿಯನ್ನು ಬಾಯಿಪಾಠ ಹೇಳುವವರು. ಯಾರು ಯಾರ ಮಗ, ಯಾರು ಹೇಗೆ ಹೋದರು, ಎಲ್ಲ ಅವರ ನಾಲಿಗೆಯ ಮೇಲಿರುತ್ತದೆ. ತಪ್ಪು ಹೇಳಿದರೆ ಆ ನಾಲಿಗೆ ಬಿದ್ದುಹೋಗುತ್ತದೆಂದು ಅವರ ನಂಬಿಕೆ. ಮನೆಯ ಯಜಮಾನ ಸಾಕೆಂದರೆ ಮಾತ್ರ ನಡುವೆ ನಿಲ್ಲಿಸುತ್ತಾರೆ. ಈ ಮನೆಯ ಯಜಮಾನ, ಅಂದರೆ ರೈತನ ತಂದೆ, ಪ್ರತಿ ಸಲವೂ ತನ್ನ ಹೆಸರು ಬಂದ ಕೂಡಲೇ "ಅಲ್ಲಿಗೆ ಸಾಕು" ಎಂದು ಮೊರದ ತುಂಬ ಜೋಳ ಕೊಟ್ಟು ಕಳಿಸಿಬಿಡುತ್ತಿದ್ದ. ಅಪ್ಪ ನನ್ನ ಮಾನ ಕಾಯುತ್ತಿದ್ದಾನೆ ಎಂದುಕೊಂಡ ರೈತ ಆ ಉಪಕಾರದ ಭಾರಕ್ಕೆ ಕುಗ್ಗಿಹೋಗಿದ್ದ.

ತಂದೆ ತೀರಿಕೊಂಡ. ಸುಗ್ಗಿ ಮುಗಿದ ಮೇಲೆ ಹೆಳವ ಬಂದ. ಯಜಮಾನ ತೀರಿಕೊಂಡ ವರ್ಷ ವಂಶಾವಳಿಯನ್ನು ಬುಡದಿಂದ ಕೊನೆಯವರೆಗೆ ಹೇಳಿಸಿ, ಹೋದವನ ಸಾವನ್ನೂ ಅದಕ್ಕೆ ಸೇರಿಸಬೇಕು. ಅದು ಪದ್ಧತಿ. ರೈತ ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿ ಮಗ, ಮದುವೆಯ ವಯಸ್ಸಿಗೆ ಬಂದವನು. ಹೆಳವ ಒಂದೊಂದೇ ತಲೆಮಾರು ಇಳಿದು ರೈತನ ತಂದೆಯ ಹೆಸರಿಗೆ ಬಂದ. ಈಗ ಬರುತ್ತದೆ. ಮಗನ ಎದುರಿಗೇ ಬರುತ್ತದೆ.

"ಅಲ್ಲಿಗೆ ಸಾಕು" ಎಂದ ರೈತ. ದನಿ ಥೇಟು ತಂದೆಯದೇ.

ಮಗ ತಿರುಗಿ ನೋಡಿದ. "ಅಜ್ಜಂದೂ ಅದ ಮಾತು, ನಿಂದೂ ಅದ ಮಾತು. ನಮ್ಮ ಮನಿ ಸುದ್ದಿ ನನಗ ಯಾವಾಗ ಗೊತ್ತಾಗಬೇಕಪಾ? ಹೇಳ್ರಿ ಹೆಳವಪ್ಪಾರ, ಪೂರಾ ಹೇಳ್ರಿ."

ಹೆಳವ ಯಜಮಾನನ ಮುಖ ನೋಡಿದ. ಇನ್ನೊಮ್ಮೆ ಬೇಡವೆನ್ನುವ ತ್ರಾಣ ರೈತನಲ್ಲಿ ಉಳಿದಿರಲಿಲ್ಲ. ಅವನು ಕಣ್ಣು ಮುಚ್ಚಿದ. ಹೆಳವ ಗಂಟೆ ಬಾರಿಸಿ ಮುಂದುವರಿಸಿದ: "ಆತಗ ಇಬ್ಬರು ಗಂಡಸ ಮಕ್ಕಳು. ಹಿರಿಯಾವ ದ್ಯಾವಪ್ಪ, ಅಪ್ಪನ ಕೈ ತಪ್ಪಿ ಬಾವ್ಯಾಗ ಬಿದ್ದು ಬದುಕಿ ಬಂದಾವ. ಕಿರಿಯಾವ ಬರಮಪ್ಪ, ಅದ ವಾರದಾಗ ತೊಟ್ಟಿಲದಾಗನ ಜ್ವರ ಬಂದು ಹೋದಾವ."

ದ್ಯಾವಪ್ಪ ಎಂದರೆ ಆ ರೈತನೇ.

ಅವನು ದಡಕ್ಕನೆ ಎದ್ದು ನಿಂತ. "ಸುಳ್ಳು! ಬಾವ್ಯಾಗ ಬಿದ್ದಾವ ನನ್ನ ತಮ್ಮ. ಕೈ ಬಿಟ್ಟಾವ ನಾನು. ನನಗ ಕಣ್ಣಿಗೆ ಕಟ್ಟಿದಂಗ ನೆನಪೈತಿ!"

ಹೆಳವ ಸಿಟ್ಟಾಗಲಿಲ್ಲ. "ಯಜಮಾನ್ರ, ನಮ್ಮಪ್ಪ ಇದನ್ನ ನಿಮ್ಮ ಅಜ್ಜಿ ಬಾಯಿಂದನ ಕೇಳ್ಯಾನ. ನಿಮ್ಮನ್ನ ಬಾವಿಯಿಂದ ತಗದಾಗ ನಿಮಗ ಎಚ್ಚರ ಇದ್ದಿದ್ದಿಲ್ಲ. ಎಚ್ಚರ ಆಗೂದ್ರಾಗ ಕೂಸು ಹೋಗಿತ್ತು. ಬರಮಪ್ಪ ಇನ್ನೂ ಅಂಬೆಗಾಲನ್ನೂ ಇಟ್ಟಿದ್ದಿಲ್ರಿ. ಅಂಥಾ ಕೂಸು ನಿಮ್ಮ ಕೈ ಹಿಡಕೊಂಡು ಬಾವಿ ಮೆಟ್ಟಲಾ ಹ್ಯಾಂಗ ಇಳದೀತು?"

ರೈತ ತನ್ನ ಅಂಗೈ ನೋಡಿಕೊಂಡ. ಜಾರಿಹೋದ ಆ ಕೈಯನ್ನು ಮತ್ತೊಮ್ಮೆ ನೆನೆದ. ಒರಟು ಕೈ. ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಕೈ. ತನ್ನ ಕೈಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದು. ಹಾಲು ಕುಡಿಯುವ ಕೂಸಿನ ಕೈಗೆ ಜಡ್ಡು ಎಲ್ಲಿಂದ ಬರಬೇಕು? ಇಷ್ಟು ವರ್ಷ ದಿನಾ ಆ ಕೈಯನ್ನು ನೆನಪಿನಲ್ಲಿ ಮುಟ್ಟಿ ನೋಡಿದ್ದ. ಅದು ಯಾರದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅದು ನೇಗಿಲು ಹಿಡಿದ ಕೈ. ಅಪ್ಪನ ಕೈ.

ಹಾಗಾದರೆ ಅಪ್ಪ "ಅಲ್ಲಿಗೆ ಸಾಕು" ಎನ್ನುತ್ತಿದ್ದದ್ದು ಮಗನ ಮಾನಕ್ಕಾಗಿ ಅಲ್ಲ. ತನ್ನ ಕೈ ತಪ್ಪಿದ್ದನ್ನು ಕೇಳಲಾರದೆ. ಇಬ್ಬರೂ ಒಂದೇ ಬಾವಿಯ ಪಾಪ ಹೊತ್ತುಕೊಂಡು ಎದುರುಬದುರು ಕೂತು ರೊಟ್ಟಿ ತಿಂದಿದ್ದರು. ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಈಗ ಕೇಳೋಣವೆಂದರೆ ಅಪ್ಪ ಮಣ್ಣಿನಲ್ಲಿದ್ದಾನೆ.

ರೈತನಿಗೆ ಬಿಡುಗಡೆಯಾಯಿತು ಎಂದು ನೀನು ಆಗಲೇ ಖುಷಿಪಟ್ಟಿರಬೇಕು. ಇಲ್ಲಪ್ಪ. ಮಾಡದ ತಪ್ಪಿಗೆ ಆಯುಷ್ಯವೆಲ್ಲ ಶಿಕ್ಷೆ ಉಂಡವನಿಗೆ ದಿಢೀರನೆ ಬಾಗಿಲು ತೆಗೆದರೆ ಅವನು ಕುಣಿಯುವುದಿಲ್ಲ, ಹೌಹಾರುತ್ತಾನೆ. ರೈತ ಕಂಬ ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಮಗ ಮೆಲ್ಲಗೆ ಕೇಳಿದ.

"ಅಪಾ, ನೀ ನನ್ನ ಕೈ ಹಿಡೀಲಾರದ ಇದ್ದದ್ದು ಇದಕ್ಕನ? ನಾ ಹುಟ್ಟಿದ್ದ ನಿನಗ ಬ್ಯಾಡಾಗಿತ್ತು ಅಂತ ತಿಳಕೊಂಡ ನಾ ಇಷ್ಟು ದೊಡ್ಡಾವ ಆಗೀನಿ."

ಹೆಳವನ ಮಾತಿಗೆ ನಿಂತಿದ್ದ ರೈತ ಈ ಮಾತಿಗೆ ಕುಸಿದು ಕೂತ. ಮಗನೂ ಒಂದು ಕತೆ ಕಟ್ಟಿಕೊಂಡಿದ್ದ. ಅದರೊಳಗೇ ಬೆಳೆದಿದ್ದ. ಅದನ್ನೂ ಯಾರೂ ತಿದ್ದಿರಲಿಲ್ಲ. ರೈತ ಕೈ ಚಾಚಿದ. ಆ ಕೈಯನ್ನು ಏನು ಮಾಡಬೇಕೆಂದು ಮಗನಿಗೆ ತಿಳಿಯಲಿಲ್ಲ. ಈ ಇಬ್ಬರ ಬಗ್ಗೆ ಏನು ಸೇರಿಸಲಿ ಎಂದು ಹೆಳವ ಎತ್ತಿನ ಮೇಲೆ ಕಾಯುತ್ತ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಟ್ಟು ಮಾಡಿದರು. ಶಿಷ್ಯನ ಮುಂದಿನ ಕಾಯಿ ಹಾಗೇ ಉಳಿದಿದ್ದವು. ಅವನ ಕೈ ಯಾವಾಗಲೋ ನಿಂತುಹೋಗಿತ್ತು.

"ಆ ರೈತ ಆಮೇಲಾದರೂ ಅದನ್ನು ಮರೆತನೇ, ಗುರುಗಳೇ?"

"ಅದಿರಲಿ, ನಿನ್ನ ತಾಯಿ ಕೊರಗಿ ಸತ್ತಳೆಂದು ನಿನಗೆ ಹೇಳಿದವರು ಯಾರು?"

ಶಿಷ್ಯ ಬಾಯಿ ತೆರೆದ. ಯಾವ ಹೆಸರೂ ಬರಲಿಲ್ಲ.