ಸಾಹೇಬನ ತವರುದಿಬ್ಬ

ಕಡ್ಲಿಕೊಪ್ಪದಿಂದ ಬೆಣ್ಣಿಹಳ್ಳದ ಕಡೆಗೆ ನಡೆದರೆ ಕಪ್ಪುಮಣ್ಣಿನ ಎರಿಹೊಲಗಳ ನಡುವೆ ಒಂದು ಬೋಳು ದಿಬ್ಬ ಸಿಗುತ್ತದೆ. ಗುಡಿಯಿಲ್ಲ, ಗೋರಿಯಿಲ್ಲ, ನೆರಳಿಗೊಂದು ಜಾಲಿಯ ಗಿಡವೂ ಇಲ್ಲ. ನೆತ್ತಿಯ ಮೇಲೆ ಒಂದು ಹಾಸುಗಲ್ಲು ಮಾತ್ರ, ಇಬ್ಬರು ಪಡುವಣಕ್ಕೆ ಮುಖಮಾಡಿ ಕೂರುವಷ್ಟು ಅಗಲ. ಇದಕ್ಕೆ ಸಾಹೇಬನ ತವರುದಿಬ್ಬ ಎಂದು ಹೆಸರು. ತವರು ಹೆಣ್ಣಿಗಲ್ಲವೇ, ಗಂಡಸಿಗೆ, ಅದರಲ್ಲೂ ಸಾಹೇಬನಿಗೆ ಎಲ್ಲಿಂದ ಬಂತು ಎಂದು ಹೊಸಬರು ನಗುತ್ತಾರೆ. ನಗಲಿ. ಬಾಳವ್ವನೂ ಮೊದಲು ನಕ್ಕಿದ್ದಳಂತೆ.

ಹಿಂದೆ ಒಮ್ಮೆ, ಕುಂಪಣಿ ಸರಕಾರದ ಕಾಲದಲ್ಲಿ, ತನ್ನ ದೇಶದ ಹತ್ತಿಬೀಜವನ್ನು ಇಲ್ಲಿಯ ಎರಿಯಲ್ಲಿ ಬೆಳೆಸಿ ತೋರಿಸಲೆಂದು ಅಮೇರಿಕದವನೊಬ್ಬ ಬಂದ. ಹೆಸರು ಟಾಬಿನ್. ಊರವರು ಹತ್ತಿಸಾಹೇಬ ಎಂದರು. ಹಗಲೆಲ್ಲ ಹೊಲದಲ್ಲಿ ಮಣ್ಣಾಗುವನು, ಸಂಜೆಯಾದರೆ ಈ ದಿಬ್ಬ ಹತ್ತಿ ಹೊತ್ತು ಮುಳುಗುವ ದಿಕ್ಕನ್ನು ನೋಡುತ್ತ ಕೂರುವನು. ಬಾಳವ್ವ ಕಡ್ಲಿಕೊಪ್ಪದ ಸೊಸೆ. ಅವಳ ತವರೂ ಪಡುವಣಕ್ಕೇ, ಹಳ್ಳದ ಆಚೆ. ಒಂದು ವರ್ಷ ಅವಳ ಗಂಡ ಬಿತ್ತಿಗೆಗೆಂದು ತವರಿನ ಎತ್ತೊಂದನ್ನು ಕೇಳಿ ತಂದಿದ್ದ. ಅದು ಬೆಣ್ಣಿಹಳ್ಳದ ಹೊನಲಿನಲ್ಲಿ ಕೊಚ್ಚಿಹೋಯಿತು. ಅಂದಿನಿಂದ ಅವಳ ಅಣ್ಣ ಮುದಕಪ್ಪ ನಾಗರಪಂಚಮಿಗೆ ಕರೆಯಲು ಬರಲಿಲ್ಲ. ಎಲ್ಲರ ಅಣ್ಣಂದಿರೂ ಬಂಡಿ ಹೂಡಿಕೊಂಡು ಬರುವಾಗ ಬಾಗಿಲಲ್ಲಿ ನಿಂತು ನೋಡುವ ಹೆಣ್ಣಿನ ಸಂಕಟ ಹೆಣ್ಣಿಗೇ ಗೊತ್ತು. ಮೂರನೆಯ ಪಂಚಮಿಯ ಮುನ್ನಾದಿನ ಬಾಳವ್ವ ಉಡಿಯಲ್ಲಿ ಹಿಡಿ ಜೋಳದ ಅಳ್ಳು ಕಟ್ಟಿಕೊಂಡು, ಹಾದಿ ಕಾಯಲು ದಿಬ್ಬಕ್ಕೆ ಬಂದಳು. ಸಾಹೇಬ ಆಗಲೇ ಕೂತಿದ್ದ. ದುಃಖ ಹೆಚ್ಚಾದಾಗ ನಾಲಿಗೆಗೆ ಹೆದರಿಕೆ ಇರುವುದಿಲ್ಲ ನೋಡಿ.

“ಏನ ನೋಡಾಕತ್ತಿಯೋ ಸಾಹೇಬಾ? ನಿನ್ನ ಕರಿಯಾಕೂ ಅಣ್ಣ ಬರತಾನೇನ?” ಎಂದು ನಕ್ಕಳು.

ಅವನು ನಗಲಿಲ್ಲ. “ಬರೂದಿಲ್ಲ, ಬಾಳವ್ವಾ. ಅಣ್ಣ ನಾನ,” ಎಂದ.

ಬಾಳವ್ವನ ನಗೆ ಅಲ್ಲಿಗೇ ನಿಂತಿತು. ಕಲ್ಲಿನ ಇನ್ನೊಂದು ತುದಿಗೆ ಕೂತು ಅಳ್ಳು ಮುಂದೆ ಸುರಿದಳು. ಒಂದನ್ನು ಬಾಯಿಗೆ ಹಾಕಿಕೊಂಡವನೇ ಸಾಹೇಬ ಮುಖ ತಿರುಗಿಸಿದನಂತೆ. ತನ್ನ ಮನೆಯಲ್ಲೂ ತಂಗಿ ಗೋವಿನಜೋಳವನ್ನು ಹೀಗೇ ಹುರಿದು ಅರಳಿಸುತ್ತಾಳೆ, ಒಲೆಯ ಮುಂದೆ ಹೀಗೇ ಪಟಪಟ ಸದ್ದು ಎಂದ. ಅಲ್ಲಿಯ ಹೊಳೆ ಎಷ್ಟು ದೊಡ್ಡದೆಂದರೆ ನಮ್ಮ ಬೆಣ್ಣಿಹಳ್ಳ ಅದರ ಕೂಸಿನ ಕೂಸು. ಆದರೆ ಸಿಟ್ಟು ಬಂದರೆ ಎರಡೂ ಹೊಲ ನುಂಗುತ್ತವೆ. ಅಲ್ಲಿಯ ಮಣ್ಣೂ ಕಪ್ಪು, ಮಳೆಯಾದರೆ ಕಾಲು ಬಿಡುವುದಿಲ್ಲ. ಹೀಗೆ ಅಲ್ಲಿಯದನ್ನೂ ಇಲ್ಲಿಯದನ್ನೂ ಜೋಡಿಸುತ್ತ ಜೋಡಿಸುತ್ತ ಒಂದು ಮಾತಿಗೆ ಬಂದು ತಡೆದ. ಅವನ ಅಪ್ಪ ಹತ್ತಿ ಬೆಳೆಯಲು ಮನುಷ್ಯರನ್ನೇ ಎತ್ತಿನಂತೆ ಸಂತೆಯಲ್ಲಿ ಕೊಳ್ಳುತ್ತಿದ್ದನಂತೆ. ಅದಕ್ಕೇ ಜಗಳವಾಗಿ, ಅಪ್ಪ ಇರುವತನಕ ಹೊಸ್ತಿಲು ತುಳಿಯೆನೆಂದು ಆಣೆಯಿಟ್ಟು ಬಂದಿದ್ದ. ಹೊರಟ ದಿನ ದೋಣಿ ಕಣ್ಮರೆಯಾಗುವತನಕ ತಂಗಿ ಹೊಳೆಯ ದಂಡೆಯಲ್ಲಿ ನಿಂತೇ ಇದ್ದಳಂತೆ.

“ಅಪ್ಪನ ಮ್ಯಾಲಿನ ಸಿಟ್ಟು ತಂಗಿ ಮ್ಯಾಲ ಯಾಕ ತೀರಿಸ್ತೀಯೋ?” ಎಂದು ಕೇಳಿ ಬಾಳವ್ವ ಎದ್ದುಹೋದಳು. ಆ ಮಾತು ಅವನಿಗೆ ಎಲ್ಲಿ ನಾಟಿತೋ, ಮರುದಿನ ನಸುಕಿನಲ್ಲೇ ಕುದುರೆ ಹಳ್ಳ ದಾಟಿತ್ತು. ಮುದಕಪ್ಪನ ಅಂಗಳದಲ್ಲಿ ನಿಂತು ಟೋಪಿ ತೆಗೆದು ಸಾಹೇಬ ಆಡಿದ್ದು ಇಷ್ಟೇ ಎನ್ನುತ್ತಾರೆ: “ನಾನೂ ತಂಗೀ ಕಡೆ ಹೋಗದ ಅಣ್ಣ. ನನ್ನಂಗ ಆಗಬ್ಯಾಡ.”

ಹೊತ್ತು ಇಳಿಯುವ ಮೊದಲು ದಿಬ್ಬದ ಕೆಳಗೆ ತವರಿನ ಬಂಡಿಯ ಗೆಜ್ಜೆ ಕೇಳಿಸಿತು, ಬಂಡಿ ಬಾಳವ್ವನ ಬಾಗಿಲಿಗೆ ಬಂದು ನಿಂತಿತು. ಒಂದು ಎತ್ತು ಹಳೆಯದು, ಕೊಚ್ಚಿಹೋದದ್ದರ ಜಾಗಕ್ಕೆ ಕಟ್ಟಿದ ಇನ್ನೊಂದು ಎಳೆಯ ಹೋರಿ. ಮುದಕಪ್ಪ ಬಂಡಿಯಿಂದ ಇಳಿಯದೆ, “ಹತ್ತ, ಹೊತ್ತಾತು,” ಎಂದು ಗದರಿದ. ದನಿ ಮಾತ್ರ ಒಡೆದಿತ್ತು. ಬಾಳವ್ವ ಹತ್ತಲಿಲ್ಲ. ಒಳಗಿಂದ ಅಕ್ಕಿ, ಕೊಬ್ಬರಿ, ಅಳ್ಳು, ಎಳ್ಳುಂಡಿ ತಂದು ಬಂಡಿಯ ಹಿಂದೆ ನಿಂತಿದ್ದ ಸಾಹೇಬನ ಮುಂದೆ ಬಂದಳು. ತವರಿಗೆ ಹೊರಟವರಿಗೆ ಉಡಿ ತುಂಬಬೇಕು; ಗಂಡಸಿಗೆ ಉಡಿಯೆಲ್ಲಿ? “ಟೋಪಿ ಹಿಡಿ,” ಎಂದಳು. ನೆರೆದವರು ಕಿಸಕ್ಕೆಂದರು. “ಗಂಡಸರಿಗೆ ಯಾವ ತವರ ಬಾಳೀ?” ಎಂದು ಅತ್ತೆ ಮೂದಲಿಸಿದಳು.

“ಹುಟ್ಟಿದ ಮನಿ ಬಿಟ್ಟು ಅಳಾವ್ರಿಗೆಲ್ಲಾ ತವರ ಐತಿ ಬಿಡ್ರಿ ಅತ್ತೀ,” ಎನ್ನುತ್ತ ಬಾಳವ್ವ ಟೋಪಿ ತುಂಬಿ, ಅವನ ಕಡೆ ತಿರುಗಿ, “ಅಣ್ಣಾ, ನನ್ನ ಅಣ್ಣ ಬಂದ. ಹೊಳಿ ದಂಡ್ಯಾಗ ನಿಂತಾಕಿ ಅಣ್ಣನೂ ಹೋಗಲಿ,” ಎಂದಳು.

ಆ ಶ್ರಾವಣ ಮುಗಿಯುವುದರೊಳಗೆ ಸಾಹೇಬ ಹೊರಟುಹೋದ. ಹಡಗು ಹತ್ತಿದನೆಂದು ಸುದ್ದಿ ಬಂತು, ಮುಟ್ಟಿದನೆಂದು ಬರಲಿಲ್ಲ. ಬಾಳವ್ವ ಪ್ರತಿ ಪಂಚಮಿಗೂ ತವರಿಗೆ ಹೊರಡುವ ಮುನ್ನ ದಿಬ್ಬ ಹತ್ತಿದಳು. ಮುದಕಪ್ಪ ತೀರಿಹೋಗಿ, ಕರೆಯುವವರೇ ಇಲ್ಲದ ವರ್ಷವೂ ಕೋಲೂರಿ ಹತ್ತಿದಳಂತೆ.

ಈಗ ಬಂಡಿ ಹೋಗಿ ಮೋಟಾರ್ ಸೈಕಲ್ಲುಗಳು ಬಂದಿವೆ. ಆದರೂ ಪಂಚಮಿಗೆ ಈ ಹಾದಿ ಹಿಡಿದ ಹೆಣ್ಣುಮಕ್ಕಳು ಅಣ್ಣಂದಿರ ಬೆನ್ನು ತಟ್ಟಿ ಗಾಡಿ ನಿಲ್ಲಿಸುತ್ತಾರೆ. ಹಾಸುಗಲ್ಲಿನ ಮೇಲೆ ಹಿಡಿ ಅಳ್ಳು ಸುರಿದು, ಪಡುವಣಕ್ಕೆ ತಿರುಗಿ, ಕಾಣದ ಆ ತಂಗಿಯನ್ನು ಕೂಗಿ ಕೇಳುತ್ತಾರೆ: “ಯವ್ವಾ, ಅಣ್ಣ ಮುಟ್ಟಿದನೇನ?” ಕೆಳಗೆ ಅಣ್ಣಂದಿರು ಹಾರ್ನ್ ಬಾರಿಸುತ್ತಾರೆ. ಮೇಲೆ ಇವರು, ಅಷ್ಟು ದೂರದಿಂದ ಒಂದು ಉತ್ತರ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಗಾಳಿಗೆ ಸೆರಗು ಹಿಡಿದುಕೊಂಡು ನಿಂತಿರುತ್ತಾರೆ.