ಗೆರೆಯೊಳಗೆ ಸಿಕ್ಕ ವರ್ತಕ

“ಗುರುಗಳೇ, ಕೊಟ್ಟ ಸಾಲವನ್ನು ಎಷ್ಟು ಬಿಗಿಯಾಗಿ ಕೇಳಬಹುದು?”

ಕೇಳಿದವನು ಶಿಷ್ಯ ಮುರಿಗೆಪ್ಪ. ಕೈಯಲ್ಲಿ ಕರಾರು ಪತ್ರ ಹಿಡಿದಿದ್ದ. ಊರಿನ ದರ್ಜಿಯೊಬ್ಬ ಇವನಿಂದ ಸಾಲ ಪಡೆದು ಎರಡು ಕಂತು ತಪ್ಪಿಸಿದ್ದ. ಕಂತು ತಪ್ಪಿದರೆ ಹೊಲಿಗೆ ಯಂತ್ರ ಒಯ್ಯಬಹುದು ಎಂದು ಪತ್ರದಲ್ಲಿ ಬರೆದಿತ್ತು. ಹೊರಗೆ ಗಾಡಿ ಹೂಡಿ ನಿಂತಿತ್ತು. ಗುರುಗಳ ಅಪ್ಪಣೆಯೊಂದೇ ಬಾಕಿ.

“ಕೂತುಕೋ ಮಾರಾಯ, ಎತ್ತುಗಳಾದರೂ ಸ್ವಲ್ಪ ಸುಧಾರಿಸಿಕೊಳ್ಳಲಿ,” ಎಂದು ಗುರುಗಳು ಕತೆ ತೆಗೆದರು.

ಒಬ್ಬ ಕಂಚುಗಾರನಿದ್ದ. ಒಬ್ಬ ವರ್ತಕನ ಸಾಲ ತೀರಿಸಬೇಕಿತ್ತು, ವಾಯಿದೆ ಮೀರಿತ್ತು. ಆ ಸೀಮೆಯಲ್ಲಿ ಒಂದು ಕಟ್ಟಳೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದುಬಿಟ್ಟರೆ ಮುಗಿಯಿತು. ಗೆರೆಯೊಳಗೆ ಇದ್ದವರು ಯಾರೇ ಆಗಲಿ, ಸಾಲ ತೀರುವವರೆಗೆ ಅದನ್ನು ದಾಟುವಂತಿಲ್ಲ. ಆದರೆ ಎಳೆದವನು ಗೆರೆ ಅಳಿಸಿದನೋ, ಅರ್ಧಕ್ಕೆ ಬಿಟ್ಟನೋ, ಸಾಲವೂ ಅಳಿಯಿತು! ನೋಡು, ಎಂಥ ಕಟ್ಟಳೆ!

ಪಕ್ಕದ ಊರಿನವರು ಕಂಚುಗಾರನಿಗೆ ಒಂದು ಕಂಚಿನ ಗಂಟೆ ಮಾಡಲು ಹೇಳಿದ್ದರು. ಮರುದಿನ ಬೆಳಿಗ್ಗೆ ಗಂಟೆ ಕೊಟ್ಟರೆ ಪೂರ್ತಿ ಹಣ, ತಪ್ಪಿದರೆ ಬಿಡಿಗಾಸೂ ಇಲ್ಲ. ಹಣ ಬಂದರೆ ಸಾಲ ತೀರುತ್ತಿತ್ತು. ಬರದಿದ್ದರೆ ಕುಲುಮೆಯನ್ನೇ ಮಾರಬೇಕಾಗುತ್ತಿತ್ತು.

ಅಂಗಳದ ಒಲೆಯಲ್ಲಿ ಕಂಚು ಕರಗಿತು. ಕರಗಿದ ಕಂಚು ತುಂಬಿದ ಮೂಸೆ ಎತ್ತಲು ಇಬ್ಬರು ಬೇಕು. ಬೆಂಕಿಗೆ ಗಾಳಿ ಊದಲು ಹೆಂಡತಿಯನ್ನು ತಿದಿಗೆ ಕೂರಿಸಿ, ಕಂಚುಗಾರ ನೆರೆಯವನನ್ನು ಕರೆಯಲು ಬೀದಿಗೆ ಓಡಿಬಂದ. ಎದುರಿಗೇ ವರ್ತಕ! ಓಡುವವನನ್ನು ಕಂಡು ಏನೆಂದುಕೊಂಡ? ತಪ್ಪಿಸಿಕೊಂಡು ಹೋಗುತ್ತಿದ್ದಾನೆ ಎಂದುಕೊಂಡ. ಕೋಲು ಊರಿ ಸರಸರನೆ ಗೆರೆ ಎಳೆಯಲು ಶುರುಮಾಡಿಯೇಬಿಟ್ಟ. ಎರಡು ತುದಿ ಕೂಡಲು ಇನ್ನು ಒಂದೇ ಮಾರು ಇತ್ತು.

“ಅಯ್ಯೋ, ಕಂಚು ಕೆಡುತ್ತದೆ, ಬನ್ನಿ!” ಎಂದು ಹೆಂಡತಿ ಅಂಗಳದಿಂದ ಕೂಗಿದಳು.

ವರ್ತಕ ಒಲೆಯತ್ತ ನೋಡಿದ. ಆಗ ಅವನಿಗೆ ಅರ್ಥವಾಯಿತು. ಗೆರೆ ಅಳಿಸಿದರೂ ಬಿಟ್ಟರೂ ಸಾಲ ಹೋಯಿತು. ಕೂಡಿಸಿದರೆ ಗಂಟೆ ಹೋಯಿತು, ಗಂಟೆಯ ಜೊತೆ ಸಾಲದ ಹಣವೂ ಹೋಯಿತು. ಬಾಯಲ್ಲಿ ಬಿಸಿತುಪ್ಪ! ಉಗುಳುವಂತಿಲ್ಲ, ನುಂಗುವಂತಿಲ್ಲ. ಪಾಪ, ಬೆವತುಹೋದ.

ಆ ಹೆಂಗಸು ಗಟ್ಟಿಗಿತ್ತಿ. ತಿದಿ ಒತ್ತುತ್ತಲೇ, “ಧಣಿ, ಅಳಿಸಬೇಡಿ! ಆ ತುದಿಯಿಂದಲೇ ಒಲೆಯ ಸುತ್ತ ಎಳೆದುಕೊಂಡು ಬನ್ನಿ!” ಎಂದಳು.

ವರ್ತಕ ಬಗ್ಗಿದ. ಬೀದಿಯಿಂದ ಅಂಗಳಕ್ಕೆ ಗೆರೆ ಎಳೆದ. ಒಲೆಯ ಹಿಂದೆ ಗೋಡೆ. ಹೊರಗಿನಿಂದ ಎಳೆಯಲು ಜಾಗವಿರಲಿಲ್ಲ. ಒಳಮಗ್ಗುಲಿನಿಂದಲೇ ಗೋಡೆಯ ಬುಡಕ್ಕೆ ಎಳೆಯುತ್ತಾ ಬಂದು ಎರಡು ತುದಿ ಕೂಡಿಸಿದ. ಉಸ್ಸಪ್ಪಾ ಎಂದು ನೆಟ್ಟಗೆ ನಿಂತು ನೋಡುತ್ತಾನೆ, ತಾನೂ ಗೆರೆಯೊಳಗೆ! ದಾಟುವಂತಿಲ್ಲ, ಅಳಿಸುವಂತಿಲ್ಲ. ಬೀದಿಯಲ್ಲಿ ಸೇರಿದ್ದ ಜನ ಹೋ ಎಂದು ನಕ್ಕರು.

“ನಗು ಆಮೇಲೆ! ಧಣಿ, ಇಕ್ಕಳದ ಆ ತುದಿ ಹಿಡಿಯಿರಿ!” ಎಂದು ಕಂಚುಗಾರ ಗದರಿದ.

ಹಿಡಿದ ಕಣಯ್ಯ! ಹುಟ್ಟಿದಾಗಿನಿಂದ ತಕ್ಕಡಿ ಬಿಟ್ಟು ಬೇರೇನೂ ಹಿಡಿಯದ ಕೈ. ಪಂಚೆ ಎತ್ತಿಕಟ್ಟಿ, ಹಲ್ಲು ಕಚ್ಚಿ ಎತ್ತಿದ. ಕಂಚು ಒಂದು ಹನಿಯೂ ಚೆಲ್ಲದೆ ಅಚ್ಚಿಗೆ ಇಳಿಯಿತು. ಮೂವರೂ ಅಲ್ಲೇ ಗಂಜಿ ಕುಡಿದು ಅಲ್ಲೇ ಮಲಗಿದರು.

ಬೆಳಿಗ್ಗೆ ಅಚ್ಚು ಒಡೆದು ಗಂಟೆ ಬಾರಿಸಿದರು. ಢಣ್ ಎಂದಿತು! “ನಮ್ಮ ಗಂಟೆ, ನಮ್ಮ ಗಂಟೆ!” ಎಂದು ಮಸಿ ಮೋರೆಯಲ್ಲಿ ಮೊದಲು ಕುಣಿದವನು ವರ್ತಕ. ಪಕ್ಕದ ಊರಿನವರು ಬಂದು ಹಣ ಎಣಿಸಿದರು, ಸಾಲ ತೀರಿತು. ಗೆರೆಯನ್ನು ಇಬ್ಬರೂ ಕಾಲಿನಿಂದ ಉಜ್ಜಿ ಅಳಿಸಿದರು.

ಕತೆ ಮುಗಿಯಿತು. ಮುರಿಗೆಪ್ಪ ನಗುತ್ತಾ ಎದ್ದು ಪತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಬಲು ಚೆನ್ನಾಗಿದೆ ಗುರುಗಳೇ. ಹಾಗಾದರೆ ನಾನು ಹೋಗಿ ಯಂತ್ರ ತರಲೇ?”

“ತಾರಪ್ಪ, ತಾ,” ಎಂದರು ಗುರುಗಳು. “ಆದರೆ ಮುಂದಿನ ಕಂತು ಬರಬೇಕಲ್ಲ, ನಾಳೆಯಿಂದ ಅಂಗಿ ಹೊಲಿಯುವವನು ನೀನೋ, ನಿನ್ನ ಎತ್ತೋ?”